ತಪ್ಪು ಮನೆಯದೋ, ಮನೆಯವರದೋ?

ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪದ ಕೆಳತುದಿಯಲ್ಲಿ ಆರ್ಚರ್ಡ್ ಸ್ಟ್ರೀಟ್ ಎಂಬ ಇಕ್ಕಟ್ಟಾದ ಬೀದಿಯಿದೆ. ಅಲ್ಲಿನ 97ನೇ ನಂಬರಿನ ವಠಾರವನ್ನು 1863ರಲ್ಲಿ ಕಟ್ಟಿಸಿದವನು ಲೂಕಸ್ ಗ್ಲಾಕ್ನರ್. ಜರ್ಮನ್ ನಾಡಿನಿಂದ ಬಂದ ದರ್ಜಿ ಅವನು. ಒಂದೊಂದು ಮಹಡಿಗೆ ನಾಲ್ಕು ಮನೆ, ಒಂದೊಂದು ಮನೆಗೆ ಮೂರು ಕೋಣೆ. ಮೂರೂ ಸೇರಿದರೆ ಸುಮಾರು 325 ಚದರ ಅಡಿ. ಹೊರಗಿನ ಗಾಳಿಗೆ ತೆರೆಯುವ ಕಿಟಕಿ ಇದ್ದದ್ದು ಒಂದೇ ಕೋಣೆಗೆ. ನಡುವಿನ ಅಡುಗೆಮನೆಗೂ ಇಲ್ಲ, ಒಳಗಿನ ಮಲಗುವ ಕೋಣೆಗೂ ಇಲ್ಲ. ನೀರು ಬೇಕಾದರೆ ಹಿತ್ತಲಿಗೆ ಹೋಗಬೇಕು. ಪಾಯಿಖಾನೆಯೂ ಅಲ್ಲೇ. ಮೇಲಿನ ಮಹಡಿಯ ಬಸುರಿಯಾಗಲಿ, ಬಾಣಂತಿಯಾಗಲಿ, ಕತ್ತಲ ಮೆಟ್ಟಿಲು ಇಳಿದೇ ಹೋಗಬೇಕಿತ್ತು. ಕಟ್ಟಿಸಿದ ಗ್ಲಾಕ್ನರನೂ ಅದೇ ವಠಾರದಲ್ಲಿ ವಾಸವಿದ್ದ ಅನ್ನುವುದನ್ನು ಮರೆಯಬಾರದು. ಆಗಿನ ಲೆಕ್ಕಕ್ಕೆ ಅದು ಕೆಟ್ಟ ಮನೆ ಆಗಿರಲಿಲ್ಲ!

1935ರವರೆಗೆ ಆ ಒಂದೇ ಕಟ್ಟಡದಲ್ಲಿ ಸುಮಾರು 7,000 ಜನ ಬಾಳಿ ಹೋದರು. 20ಕ್ಕೂ ಹೆಚ್ಚು ದೇಶಗಳಿಂದ ಬಂದವರು. ಅಂಥ ವಠಾರಗಳು ಸಾಲುಸಾಲಾಗಿ ಎದ್ದ, ಲೋವರ್ ಈಸ್ಟ್ ಸೈಡ್ ಎಂಬ ಈ ಭಾಗ ನೂರು ವರ್ಷಕ್ಕೂ ಹಿಂದೆ ಲೋಕದ ಅತಿ ಇಕ್ಕಟ್ಟಿನ ಜಾಗಗಳಲ್ಲಿ ಒಂದು. ಊರಿನ ಉಳಿದ ಭಾಗದವರು ಇತ್ತ ಬಂದರೆ ಮೂಗು ಮುಚ್ಚಿಕೊಂಡು ಒಂದು ಪ್ರಶ್ನೆ ಕೇಳುತ್ತಿದ್ದರು. ಈ ಕೊಳೆ, ಈ ಕಾಯಿಲೆ, ಈ ನೂಕುನುಗ್ಗಲು ಎಲ್ಲಿಂದ ಬಂತು? ತಪ್ಪು ಮನೆಯದೋ, ಮನೆಯವರದೋ? ಮನೆಯದು ಎಂದವರು ಕಟ್ಟಡದ ಕಾನೂನು ತಂದರು. ಮನೆಯವರದು ಎಂದವರು ಕೊನೆಗೆ ದೇಶದ ಬಾಗಿಲನ್ನೇ ಹಾಕಿಸಿದರು. ಎರಡೂ ವಾದ 60 ವರ್ಷ ಪಕ್ಕಪಕ್ಕದಲ್ಲೇ ನಡೆದವು.

ಮೊದಲು ಸೈಟಿನ ಅಳತೆ ನೋಡೋಣ. 1811ರಲ್ಲಿ ಮ್ಯಾನ್‌ಹಟನ್ನಿಗೆ ಚೌಕಳಿ ಬೀದಿಗಳ ನಕ್ಷೆ ಹಾಕಿದ ಮೇಲೆ, ನಮ್ಮಲ್ಲಿ 30–40 ಸೈಟು ಅನ್ನುವ ಹಾಗೆ, ಅಲ್ಲಿ 25 ಅಡಿ ಅಗಲ, 100 ಅಡಿ ಉದ್ದದ ಸೈಟು ರೂಢಿಯಾಯಿತು. ಒಂದು ಸಂಸಾರಕ್ಕೆ ಅದು ಧಾರಾಳ. ಆದರೆ 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಹಸಿವಿನಿಂದ ಓಡಿ ಬಂದವರು ಹಡಗು ಹಡಗು ತುಂಬಿ ಇಳಿದರು. 1848ರ ಗಲಭೆಗಳ ನಂತರ ಜರ್ಮನರು ಬಂದರು. ಮೊದಲು ಸಾಹುಕಾರರು ಬಿಟ್ಟುಹೋದ ಹಳೇ ಮನೆಗಳಿಗೆ ಅಡ್ಡಗೋಡೆ ಹಾಕಿ ಬಾಡಿಗೆಗೆ ಕೊಟ್ಟರು. ಆಮೇಲೆ ಬಾಡಿಗೆಗೆಂದೇ ಕಟ್ಟತೊಡಗಿದರು. ಸೈಟಿನ ಹಿಂದೆ ಸ್ವಲ್ಪ ಹಿತ್ತಲು ಬಿಟ್ಟು ಉಳಿದದ್ದೆಲ್ಲ ಕಟ್ಟಡ. ಪಕ್ಕದವನೂ ಹಾಗೇ ಕಟ್ಟಿದ. ಎರಡೂ ಪಕ್ಕ ಗೋಡೆಗೆ ಗೋಡೆ ಅಂಟಿದ ಮೇಲೆ ನಡುವಿನ ಕೋಣೆಗಳಿಗೆ ಕಿಟಕಿ ಇಡುವುದಾದರೂ ಎಲ್ಲಿ? ಕತ್ತಲೆ ಆ ಅಳತೆಯಲ್ಲೇ ಇತ್ತು.

ನಗರ ಎಚ್ಚೆತ್ತದ್ದು ಹೆದರಿಕೆಯಿಂದ. 1863ರ ಜುಲೈಯಲ್ಲಿ ಸೇನೆಗೆ ಕಡ್ಡಾಯ ಭರ್ತಿಯ ವಿರುದ್ಧ ಶುರುವಾದ ದಂಗೆ ದಿನಗಟ್ಟಲೆ ಊರನ್ನು ಸುಟ್ಟಿತು. ಕಪ್ಪು ಜನರನ್ನು ಹುಡುಕಿ ಹುಡುಕಿ ಕೊಂದರು. ಇಷ್ಟು ಸಿಟ್ಟಿನ ಜನ ಎಲ್ಲಿ ಅಡಗಿದ್ದರು ಎಂದು ಅನುಕೂಲಸ್ಥರು ಬೆಚ್ಚಿದರು. ವೈದ್ಯರ ಒಂದು ಸಮಿತಿ ಬೀದಿ ಬೀದಿ ತಿರುಗಿ 1865ರಲ್ಲಿ ವರದಿ ಕೊಟ್ಟಿತು. ಮರುವರ್ಷ ಕಾಲರಾ ಬಂತು, ಆರೋಗ್ಯ ಮಂಡಳಿಯೂ ಹುಟ್ಟಿತು. 1867ರಲ್ಲಿ ಮೊದಲ ವಠಾರ ಕಾನೂನು ಜಾರಿಯಾಯಿತು. 20 ಜನಕ್ಕೆ ಒಂದು ಪಾಯಿಖಾನೆ ಇರಬೇಕು, ಬೆಂಕಿ ಬಿದ್ದರೆ ತಪ್ಪಿಸಿಕೊಳ್ಳಲು ದಾರಿ ಇರಬೇಕು ಎಂದಿತು. ಅಷ್ಟೂ ಇರದ ಮನೆಗಳಿದ್ದವು ಎಂದೇ ಅದನ್ನು ಬರೆಯಬೇಕಾಯಿತು.

1879ರ ಕಾನೂನಿನ ಕಥೆ ಇನ್ನೂ ತಮಾಷೆಯದು. ಮಲಗುವ ಪ್ರತಿ ಕೋಣೆಗೂ ಹೊರಗಿನ ಗಾಳಿ ಬೇಕು ಎಂದು ಕಾನೂನು ಹೇಳಿತು. ಅದೇ ಹೊತ್ತಿಗೆ ಕೊಳಾಯಿ ಕೆಲಸದವರ ಪತ್ರಿಕೆಯೊಂದು ಒಳ್ಳೇ ವಠಾರದ ನಕ್ಷೆಗೆ ಸ್ಪರ್ಧೆ ಇಟ್ಟಿತ್ತು. ಷರತ್ತು ಎರಡು. ಕಟ್ಟಡ ಅದೇ 25–100ರ ಸೈಟಿನಲ್ಲಿ ಕೂರಬೇಕು, ಮಾಲೀಕನಿಗೆ ಲಾಭವೂ ಬರಬೇಕು. ಗೆದ್ದವನು ಜೇಮ್ಸ್ ವೇರ್ ಎಂಬ ವಾಸ್ತುಶಿಲ್ಪಿ. ಅವನು ಕಟ್ಟಡದ ನಡು ಭಾಗವನ್ನು ಎರಡೂ ಪಕ್ಕದಿಂದ ಸ್ವಲ್ಪ ಒಳಕ್ಕೆ ತಂದ. ಮೇಲಿನಿಂದ ನೋಡಿದರೆ ಕಸರತ್ತಿನ ಡಂಬೆಲ್ ಆಕಾರ. ಹಾಗೆ ಬಿಟ್ಟ ಸಂದಿನ ಅಗಲ 28 ಇಂಚು. ಪಕ್ಕದ ಕಟ್ಟಡವೂ ಅಂಥದ್ದೇ ಆದರೆ ಅದರ ಎರಡರಷ್ಟು. ಒಳಗಿನ ಕೋಣೆಗಳ ಕಿಟಕಿ ಈ ಬಾವಿಗೆ ತೆರೆಯುತ್ತಿತ್ತು.

ಕಾನೂನಿನ ಮಾತು ನಡೆದಂತಾಯಿತು, ಗಾಳಿ ಮಾತ್ರ ಬರಲಿಲ್ಲ. ಕೆಳಗಿನ ಮಹಡಿಗಳಿಗೆ ಬೆಳಕು ಇಳಿಯುತ್ತಲೇ ಇರಲಿಲ್ಲ. ಐದು ಮಹಡಿ ಇಳಿದು ಕಸ ಹಾಕುವುದು ಯಾರಿಗೆ ಬೇಕು? ಎಲ್ಲರೂ ಕಿಟಕಿಯಿಂದಲೇ ಸುರಿದರು. ಬೇಸಿಗೆಯಲ್ಲಿ ಆ ನಾತಕ್ಕೆ ಕಿಟಕಿ ಮುಚ್ಚಿಕೊಂಡೇ ಕೂರಬೇಕು. ಬೆಂಕಿ ಬಿದ್ದರಂತೂ ಆ ಸಂದು ಹೊಗೆ ಕೊಳವೆ. ಕೆಳಗಿನ ಉರಿ ಕ್ಷಣದಲ್ಲಿ ಮೇಲಿನ ಮಹಡಿ ಮುಟ್ಟುತ್ತಿತ್ತು. ಬಹುಮಾನ ಬಂದ ಈ ನಕ್ಷೆಯ ಪ್ರಕಾರ ಮುಂದಿನ 20 ವರ್ಷ ಸಾವಿರಾರು ಕಟ್ಟಡ ಎದ್ದವು. ಇವತ್ತಿಗೂ ಅವಕ್ಕೆ ‘ಹಳೇ ಕಾನೂನಿನ ವಠಾರ’ ಎಂದೇ ಹೆಸರು.

ಮಾಲೀಕರು ಯಾರು ಅಂದರೆ ಎಲ್ಲರೂ ದುರಾಸೆಯ ಸೇಠುಗಳು ಅಂದುಕೊಳ್ಳಬೇಡಿ. ಊರಿನ ದೊಡ್ಡ ಶ್ರೀಮಂತ ಇಗರ್ಜಿ ಟ್ರಿನಿಟಿ ಚರ್ಚಿಗೂ ಬಾಡಿಗೆ ಮನೆಗಳ ದೊಡ್ಡ ಆಸ್ತಿ ಇತ್ತು. ಪ್ರತಿ ಮಹಡಿಗೂ ನೀರಿನ ನಲ್ಲಿ ಹಾಕಿಸಬೇಕು ಎಂಬ 1887ರ ಕಾನೂನನ್ನು ಆ ಚರ್ಚು ಪಾಲಿಸಲಿಲ್ಲ. ದಂಡ ಹಾಕಿದರೆ ಕೋರ್ಟಿಗೆ ಹೋಯಿತು. ನಮ್ಮ ಆಸ್ತಿಗೆ ನಮ್ಮನ್ನು ಕೇಳದೆ ಖರ್ಚು ಹೊರಿಸುವುದು ಅನ್ಯಾಯ ಎಂಬುದು ಅದರ ವಾದ. 1895ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಆರೋಗ್ಯ ಇಲಾಖೆಯ ಪರವಾಗಿ ತೀರ್ಪು ಕೊಟ್ಟಿತು. ಒಂದು ನಲ್ಲಿಗೆ ಇಷ್ಟು ವರ್ಷದ ವ್ಯಾಜ್ಯ.

ಕೋರ್ಟು ಯಾವಾಗಲೂ ಬಡವರ ಪರ ಇತ್ತು ಅಂತಲೂ ಅಲ್ಲ. ವಠಾರದ ಮನೆಗಳಲ್ಲೇ ಸಿಗಾರ್ ಸುತ್ತುವ ದಂಧೆ ಜೋರಾಗಿ ನಡೆಯುತ್ತಿತ್ತು. ಮಕ್ಕಳು ಮಲಗುವ ಕೋಣೆಯಲ್ಲೇ ತಂಬಾಕಿನ ಎಲೆ ಒಣಗುತ್ತಿತ್ತು. ಅದನ್ನು ನಿಲ್ಲಿಸುವ ಮಸೂದೆ ಶಾಸನಸಭೆಗೆ ಬಂದಾಗ ಥಿಯೋಡೋರ್ ರೂಸ್‌ವೆಲ್ಟ್ ಎಂಬ ಯುವ ಶಾಸಕ ಮೊದಲು ಅದನ್ನು ಒಪ್ಪಿರಲಿಲ್ಲ. ಕಾರ್ಮಿಕ ಮುಖಂಡರು ಅವನನ್ನು ಆ ಮನೆಗಳೊಳಗೆ ಕರೆದುಕೊಂಡು ಹೋದರು. ಕಣ್ಣಾರೆ ನೋಡಿ ಬಂದವನು ಮಸೂದೆಯ ಪರ ನಿಂತ. ಕಾನೂನು ಆಯಿತು. 1885ರಲ್ಲಿ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ದುಡಿಯುವವನನ್ನು ಅವನ ಪವಿತ್ರವಾದ ಮನೆಯಿಂದ ಹೊರಗೆ ಅಟ್ಟಿದರೆ ಅವನ ಆರೋಗ್ಯ ಹೇಗೆ ಸುಧಾರಿಸೀತು ಎಂದು ನ್ಯಾಯಾಧೀಶರು ಕೇಳಿದರು. ಆ ‘ಪವಿತ್ರ ಮನೆ’ಯನ್ನು ಅವರು ನೋಡಿದ್ದರೋ ಇಲ್ಲವೋ, ತೀರ್ಪು ಓದಿದರೆ ನೋಡಿದಂತೆ ಕಾಣುವುದಿಲ್ಲ.

1880ರ ದಶಕದಿಂದ ಬರುವವರ ಮುಖ ಬದಲಾಯಿತು. ರಷ್ಯಾದ ಸಾಮ್ರಾಜ್ಯದಲ್ಲಿ ಯೆಹೂದಿಗಳ ಮೇಲೆ ದಾಳಿಗಳು ಶುರುವಾದವು. ಇಟಲಿಯ ದಕ್ಷಿಣದ ಹಳ್ಳಿಗಳಲ್ಲಿ ಬಡತನ ಹೆಚ್ಚಿತು. 1892ರಲ್ಲಿ ಎಲ್ಲಿಸ್ ದ್ವೀಪದಲ್ಲಿ ವಲಸಿಗರ ತಪಾಸಣೆ ಕೇಂದ್ರ ತೆರೆಯಿತು. 1907ರ ಒಂದೇ ವರ್ಷ ಅಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಇಳಿದರು. ಅವರಲ್ಲಿ ತುಂಬಾ ಜನ ದೋಣಿ ಇಳಿದು ನೇರ ಬಂದದ್ದು ಇದೇ ಬೀದಿಗಳಿಗೆ, ತಮ್ಮೂರಿನವರ ವಿಳಾಸ ಹಿಡಿದು. ಮಲ್ಬೆರಿ ಬೀದಿಯಲ್ಲಿ ನೇಪಲ್ಸ್ ಕಡೆಯವರು, ಎಲಿಜಬೆತ್ ಬೀದಿಯಲ್ಲಿ ಸಿಸಿಲಿಯವರು. ಹೆಸ್ಟರ್ ಬೀದಿಯಲ್ಲಿ ತಳ್ಳುಗಾಡಿಗಳ ಸಂತೆ, ಮಾತೆಲ್ಲ ಯೆಹೂದಿಗಳ ಯಿಡ್ಡಿಷ್ ಭಾಷೆ. ಮಾಟ್ ಮತ್ತು ಪೆಲ್ ಬೀದಿಗಳಲ್ಲಿ ಚೀನೀಯರು. 1882ರಲ್ಲೇ ಚೀನಾದ ಕೂಲಿಕಾರರಿಗೆ ಬಾಗಿಲು ಹಾಕಿದ್ದರಿಂದ ಅಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಬರೀ ಗಂಡಸರ ಬೀದಿ ಅದು. ಇಟಲಿಯವರಲ್ಲಿ ಎಷ್ಟೋ ಜನ ಉಳಿಯಲು ಬಂದವರೇ ಅಲ್ಲ. ನಾಲ್ಕು ಕಾಸು ಕೂಡಿಸಿ ಊರಿಗೆ ಮರಳಿದರು.

ಮನೆಯೇ ಕಾರ್ಖಾನೆ ಆಗಿದ್ದು ಹೇಗೆ ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ದೊಡ್ಡ ಬಟ್ಟೆ ಕಂಪನಿ ಬಟ್ಟೆ ಕತ್ತರಿಸಿ ಗಂಟು ಕಟ್ಟಿ ಇಡುತ್ತಿತ್ತು. ಅದನ್ನು ಗುತ್ತಿಗೆದಾರ ಒಯ್ಯುತ್ತಿದ್ದ. ಅವನೂ ನಿನ್ನೆ ಮೊನ್ನೆ ಹಡಗಿಳಿದವನೇ. ಅವನ ಮನೆಯ ಮುಂಗೋಣೆಯಲ್ಲಿ, ಇದ್ದೊಂದು ಕಿಟಕಿಯ ಪಕ್ಕ, ಹೊಲಿಗೆ ಯಂತ್ರ. ಯಂತ್ರದವನ ಪಕ್ಕದಲ್ಲಿ ಕಚ್ಚಾ ಹೊಲಿಗೆ ಹಾಕುವವನು. ಗುಂಡಿ, ಅಂಚು ಮುಗಿಸಲು ಒಬ್ಬ ಹುಡುಗಿ. ಇಸ್ತ್ರಿಯವನು ಮಾತ್ರ ಅಡುಗೆಮನೆಯಲ್ಲಿ, ಯಾಕೆಂದರೆ ಕಬ್ಬಿಣದ ಪೆಟ್ಟಿಗೆ ಕಾಯಬೇಕಾದ್ದು ಅಡುಗೆ ಒಲೆಯ ಮೇಲೆ. ಜುಲೈ ತಿಂಗಳ ಸೆಕೆಯಲ್ಲೂ ಒಲೆ ಆರಿಸುವ ಹಾಗಿಲ್ಲ. ಅದೇ ಒಲೆಯಲ್ಲಿ ಮನೆಯೊಡತಿ ಎಲ್ಲರಿಗೂ ಅಡುಗೆ ಮಾಡಬೇಕು. ಸಂಜೆ ಬಟ್ಟೆಯ ರಾಶಿ ಪಕ್ಕಕ್ಕೆ ಸರಿಸಿದರೆ ಅದೇ ಮಲಗುವ ಜಾಗ. ಬಾಡಿಗೆ ತೂಗಿಸಲು ಇಬ್ಬರು ಮೂವರು ಪರದೇಶಿ ಹುಡುಗರನ್ನು ದುಡ್ಡು ಕೊಟ್ಟು ತಂಗುವವರಾಗಿ ಇಟ್ಟುಕೊಳ್ಳುವುದೂ ಇತ್ತು. ಅವರು ಕುರ್ಚಿ ಜೋಡಿಸಿ, ಮೇಲೆ ಹಲಗೆ ಹಾಕಿ ಮಲಗುತ್ತಿದ್ದರು. ಕೂಲಿ ದಿನದ ಲೆಕ್ಕವಲ್ಲ, ಒಂದೊಂದು ನಗಕ್ಕೆ ಇಷ್ಟು ಎಂಬ ಲೆಕ್ಕ. ಸೀಸನ್ ಮುಗಿದರೆ ಕೆಲಸವೇ ಇಲ್ಲ, ಬಾಡಿಗೆ ಮಾತ್ರ ತಪ್ಪುವುದಿಲ್ಲ. ಹೊರಗಿನವರಿಗೆ ಕಾಣುತ್ತಿದ್ದದ್ದು ‘ಒಂದೇ ಕೋಣೆಯಲ್ಲಿ ಹತ್ತು ಜನ ತುಂಬಿಕೊಳ್ಳುವ ಜನ’.

ಈ ಬೀದಿಗಳನ್ನು ಊರಿಗೆ ತೋರಿಸಿದವನು ಜೇಕಬ್ ರೀಸ್. 1870ರಲ್ಲಿ ಡೆನ್ಮಾರ್ಕಿನಿಂದ ಬಂದು, ಕೆಲಸವಿಲ್ಲದೆ ಪೊಲೀಸ್ ಠಾಣೆಯ ಧರ್ಮಶಾಲೆಯಲ್ಲಿ ರಾತ್ರಿ ಕಳೆದು, ಆಮೇಲೆ ಅಪರಾಧ ವರದಿಗಾರನಾದವನು. ಕ್ಯಾಮೆರಾದ ಮಿಂಚುಪುಡಿ ಆಗಷ್ಟೇ ಬಂದಿತ್ತು. ಅದನ್ನು ಹಿಡಿದು ಕತ್ತಲ ಕೋಣೆಗಳಿಗೆ ನುಗ್ಗಿ ಫೋಟೋ ತೆಗೆದ. 1890ರಲ್ಲಿ ಅವನ ಪುಸ್ತಕ ಬಂದಾಗ ಊರಿಗೆ ಊರೇ ಓದಿತು. ಓದಿದವರಲ್ಲಿ ರೂಸ್‌ವೆಲ್ಟ್ ಒಬ್ಬ. ಆದರೆ ಅದೇ ಪುಸ್ತಕದಲ್ಲಿ ಯೆಹೂದಿಗಳಿಗೆ ದುಡ್ಡೇ ದೇವರು, ಚೀನೀಯರನ್ನು ನಂಬುವ ಹಾಗಿಲ್ಲ ಎಂಬ ಧಾಟಿಯ ಮಾತುಗಳೂ ಇವೆ. ಮನೆಯದೇ ತಪ್ಪು ಎಂದು ವಾದಿಸಲು ಹೊರಟವನ ಬಾಯಲ್ಲೂ ‘ಈ ಜನವೇ ಹೀಗೆ’ ಎಂಬ ಮಾತು ನುಸುಳಿತ್ತು. ಅವನೂ ವಲಸಿಗನೇ, ಆದರೆ ಬಂದದ್ದು ‘ಒಳ್ಳೆಯ’ ದೇಶದಿಂದ ಅಲ್ವಾ!

ನನಗೆ ರೀಸನ ಫೋಟೋಗಳಿಗಿಂತ ಜಾಸ್ತಿ ಗಟ್ಟಿ ಅನ್ನಿಸುವುದು 1900ರ ಒಂದು ರಟ್ಟಿನ ಮಾದರಿ. ಲಾರೆನ್ಸ್ ವೀಲರ್ ಎಂಬ ಸುಧಾರಕ ವಠಾರಗಳ ಬಗ್ಗೆ ಪ್ರದರ್ಶನ ಏರ್ಪಡಿಸಿದ್ದ. ಅದರಲ್ಲಿ ಕ್ರಿಸ್ಟಿ, ಫಾರ್ಸಿತ್, ಕೆನಾಲ್, ಬೇಯರ್ಡ್ ಬೀದಿಗಳ ನಡುವಿನ ಒಂದೇ ಒಂದು ಬ್ಲಾಕನ್ನು ರಟ್ಟಿನಲ್ಲಿ ಕಟ್ಟಿಸಿ ಇಟ್ಟ. 39 ವಠಾರ, 605 ಮನೆ, 2,781 ಜನ. ಅಷ್ಟೂ ಜನಕ್ಕೆ 264 ಪಾಯಿಖಾನೆ. ಬಿಸಿನೀರು ಬರುತ್ತಿದ್ದದ್ದು 40 ಮನೆಗಳಿಗೆ. ಬಚ್ಚಲು ಒಂದೂ ಇಲ್ಲ. ಬಯ್ಗುಳವೂ ಇಲ್ಲ, ಕಣ್ಣೀರೂ ಇಲ್ಲ, ಸುಮ್ನೆ ಲೆಕ್ಕ. ಈ ಜನ ಸ್ನಾನ ಮಾಡುವುದಿಲ್ಲ ಎನ್ನುತ್ತಿದ್ದವರು ಅದರ ಮುಂದೆ ನಿಂತು ಬಚ್ಚಲು ಹುಡುಕಬೇಕಾಯಿತು.

ಬೀದಿ ಕಸದ್ದೂ ಇದೇ ಕಥೆ. ಇಲ್ಲಿನವರು ಕೊಳಕರು, ಅದಕ್ಕೇ ಬೀದಿಯಲ್ಲಿ ಕಸ ಎಂಬ ಮಾತು ವರ್ಷಗಟ್ಟಲೆ ನಡೆದಿತ್ತು. 1895ರಲ್ಲಿ ಜಾರ್ಜ್ ವೇರಿಂಗ್ ಬೀದಿ ಗುಡಿಸುವ ಇಲಾಖೆಯ ಮುಖ್ಯಸ್ಥನಾದ. ಪಕ್ಷದವರ ಶಿಫಾರಸಿನ ಮೇಲೆ ಸೇರಿದವರನ್ನು ಬದಿಗಿಟ್ಟು, ಕೆಲಸದವರಿಗೆ ಬಿಳಿ ಸಮವಸ್ತ್ರ ಕೊಟ್ಟು, ಈ ಬೀದಿಗಳಿಗೂ ಪೊರಕೆ ಕಳಿಸಿದ. ಅದೇ ಜನ, ಅದೇ ಬೀದಿ. ನೆಲ ಮಾತ್ರ ಕಾಣತೊಡಗಿತು.

1901ರ ಕಾನೂನು ಬಂದದ್ದು ಈ ಎಲ್ಲದರ ಮೇಲೆ. ಹೊಸ ಕಟ್ಟಡದಲ್ಲಿ ಪ್ರತಿ ಕೋಣೆಗೂ ಬಯಲಿಗೆ ತೆರೆಯುವ ಕಿಟಕಿ, ಪ್ರತಿ ಮನೆಗೂ ಒಳಗೇ ಪಾಯಿಖಾನೆ, ಇಕ್ಕಟ್ಟು ಸಂದಿನ ಬದಲು ಅಂಗಳ. ಹಳೇ ಕಟ್ಟಡದಲ್ಲಿ ಎರಡು ಮನೆಗೆ ಒಂದು ಪಾಯಿಖಾನೆ, ಕತ್ತಲ ಕೋಣೆಗೆ ಕಿಟಕಿ, ಮೆಟ್ಟಿಲಿಗೆ ದೀಪ. ಮಾಲೀಕರು ಮತ್ತೆ ಕೋರ್ಟು ಹತ್ತಿದರು. ಹಿತ್ತಲ ಪಾಯಿಖಾನೆ ತೆಗೆಯಲು ಒಪ್ಪದ ಒಬ್ಬ ಮಾಲೀಕಳ ಮೊಕದ್ದಮೆ 1906ರಲ್ಲಿ ದೇಶದ ಸುಪ್ರೀಂ ಕೋರ್ಟಿನವರೆಗೂ ಹೋಗಿ ಸೋತಿತು. 97 ಆರ್ಚರ್ಡ್ ಬೀದಿಯಲ್ಲೂ 1905ರ ಹೊತ್ತಿಗೆ ಮಹಡಿಗೆ ಎರಡು ಪಾಯಿಖಾನೆ ಬಂದವು. ಒಳಕೋಣೆಗೂ ಕಿಟಕಿ ಬಂತು. ಅದು ತೆರೆಯುತ್ತಿದ್ದದ್ದು ಎಲ್ಲಿಗೆ ಅಂದರೆ ಪಕ್ಕದ ಕೋಣೆಗೆ! ಕೋಣೆ ಕೋಣೆಗಳ ನಡುವಿನ ಗೋಡೆ ಕೊರೆದು ಚೌಕಟ್ಟು ಕೂರಿಸಿದ್ದರು. ಮುಂಗೋಣೆಗೆ ಬಿದ್ದ ಬಿಸಿಲಿನ ಒಂದು ಪಾಲು ಹೀಗೆ ಒಳಗೆ ಬಂದರೆ ಸಾಕು ಎಂದು ಕಾನೂನೂ ಒಪ್ಪಿತು. ಅಷ್ಟಕ್ಕೇ 40 ವರ್ಷ ಹಿಡಿಯಿತು.

ಅಷ್ಟರವರೆಗೆ ಅಲ್ಲಿನ ಜನ ಕೈಕಟ್ಟಿ ಕೂತಿರಲಿಲ್ಲ. 1902ರ ಮೇ ತಿಂಗಳಲ್ಲಿ ಯೆಹೂದಿ ಕಟುಕರು ಮಾಂಸದ ಬೆಲೆಯನ್ನು ಪೌಂಡಿಗೆ 12 ಸೆಂಟಿನಿಂದ 18ಕ್ಕೆ ಏರಿಸಿದರು. ಮನೆ ಹೆಂಗಸರು ಬೀದಿಗಿಳಿದು ಅಂಗಡಿಗಳಿಗೆ ಬಹಿಷ್ಕಾರ ಹಾಕಿದರು. ಕೊಂಡವರ ಕೈಯಿಂದ ಮಾಂಸ ಕಿತ್ತು ಬೀದಿಗೆಸೆದರು. ಪೊಲೀಸರು ಹಿಡಿದರೂ ಬಿಡಲಿಲ್ಲ. ಬೆಲೆ ಇಳಿಯಿತು. ಅದೇ ಉಪಾಯ ಬಾಡಿಗೆಗೂ ಬಂತು. 1904ರಲ್ಲಿ, ಮತ್ತೆ 1907ರ ಕೊನೆಯಲ್ಲಿ ವಠಾರಕ್ಕೆ ವಠಾರವೇ ಬಾಡಿಗೆ ಕೊಡುವುದಿಲ್ಲ ಎಂದು ಕೂತಿತು. 1909ರ ನವೆಂಬರಿನಲ್ಲಿ ಕ್ಲಾರಾ ಲೆಮ್ಲಿಚ್ ಎಂಬ ಹೊಲಿಗೆ ಕೆಲಸದ ಹುಡುಗಿ ಕೂಪರ್ ಯೂನಿಯನ್ ಸಭಾಂಗಣದಲ್ಲಿ ಮುಖಂಡರ ಉದ್ದುದ್ದ ಭಾಷಣ ಕೇಳಿ ಬೇಸತ್ತು, ವೇದಿಕೆಗೆ ಹೋಗಿ ಯಿಡ್ಡಿಷ್‌ನಲ್ಲಿ ಮುಷ್ಕರಕ್ಕೆ ಕರೆ ಕೊಟ್ಟಳು. 20,000ದಷ್ಟು ಹೊಲಿಗೆ ಕೆಲಸದವರು, ಹೆಚ್ಚಿನವರು ಹುಡುಗಿಯರು, ಕೆಲಸ ಬಿಟ್ಟು ಹೊರಬಂದರು. ಆಗ ಅವರು ಕೇಳಿದ್ದರಲ್ಲಿ ಬಾಗಿಲಿಗೆ ಬೀಗ ಹಾಕಬೇಡಿ ಎಂಬ ಮಾತೂ ಇತ್ತು. ಟ್ರಯಾಂಗಲ್ ಎಂಬ ಬಟ್ಟೆ ಹೊಲಿಯುವ ಕಾರ್ಖಾನೆಯವರು ಸಂಘಕ್ಕೆ ಮಣಿಯಲಿಲ್ಲ. 1911ರ ಮಾರ್ಚ್ 25ರಂದು ಅಲ್ಲಿ ಬೆಂಕಿ ಬಿತ್ತು. ಒಂಬತ್ತನೇ ಮಹಡಿಯ ಒಂದು ಬಾಗಿಲಿಗೆ ಬೀಗ ಇತ್ತು. 146 ಜನ ಸತ್ತರು. ಮಾಲೀಕರಿಬ್ಬರೂ ಖುಲಾಸೆಯಾದರು.

ಮಕ್ಕಳ ಸಾವಿನ ವಿಚಾರದಲ್ಲಿ ಇನ್ನೂ ಸ್ಪಷ್ಟ ಉತ್ತರ ಸಿಕ್ಕಿತ್ತು. 1908ರ ಬೇಸಿಗೆಯಲ್ಲಿ ನಗರದ ಆರೋಗ್ಯ ಇಲಾಖೆಯ ಡಾ. ಜೋಸೆಫಿನ್ ಬೇಕರ್ ಇಟಾಲಿಯನ್ನರ ಒಂದು ಕೇರಿಯಲ್ಲಿ ಹೆರಿಗೆಯಾದ ಮನೆಗಳಿಗೆಲ್ಲ ದಾದಿಯರನ್ನು ಕಳಿಸಿದರು. ಎದೆಹಾಲು ಕೊಡಿ, ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಬೇಡಿ, ಗಾಳಿಗೆ ಬಿಡಿ, ಸ್ನಾನ ಮಾಡಿಸಿ ಎಂಬ ಮಾಮೂಲಿ ಮಾತುಗಳೇ. ಹಿಂದಿನ ಬೇಸಿಗೆಗಿಂತ 1,200 ಮಕ್ಕಳು ಕಡಿಮೆ ಸತ್ತವು. ಮನೆ ಬಾಗಿಲಿಗೆ ಬಂದು ಹೇಳುವವರು ಇದ್ದಿದ್ದರೆ ಆ ಅಮ್ಮಂದಿರು ಮೊದಲೇ ಕೇಳುತ್ತಿದ್ದರು ಎಂದಾಯಿತು.

ಇಷ್ಟಾದರೂ ಮನೆಯವರದೇ ತಪ್ಪು ಎಂಬ ಎರಡನೇ ವಾದ ಸೋಲಲಿಲ್ಲ. ಅಮೆರಿಕದ ಸಂಸತ್ತು 1907ರಲ್ಲಿ ನೇಮಿಸಿದ ಡಿಲ್ಲಿಂಗ್‌ಹ್ಯಾಮ್ ಆಯೋಗ ನಾಲ್ಕು ವರ್ಷ ದುಡಿದು 41 ಸಂಪುಟ ಬರೆಯಿತು. ನಗರಗಳ ವಲಸಿಗರ ಮನೆಗಳೊಳಗೆ ಹೋಗಿ ನೋಡಿದ ಅದರ ತನಿಖೆಗಾರರು ಹೇಳಿದ್ದೇನು ಗೊತ್ತಾ? ಬಹುತೇಕ ಮನೆಗಳು ಒಳಗೆ ಸ್ವಚ್ಛವಾಗಿವೆ. ಇಲ್ಲದ ಕಡೆ ಕಾರಣ ಅವರ ಕೈಯಲ್ಲಿಲ್ಲದ ಸುತ್ತಲಿನ ಸ್ಥಿತಿ. ಬೀದಿ ಕೊಳಕಾಗಿದ್ದರೆ ಅದು ಅಧಿಕಾರಿಗಳ ಉದಾಸೀನ. ತನ್ನದೇ ಸಂಪುಟದಲ್ಲಿ ಇದನ್ನು ಅಚ್ಚು ಹಾಕಿದ ಆಯೋಗ, ಕೊನೆಗೆ ಮಾಡಿದ ಶಿಫಾರಸು ವಲಸೆಗೆ ಕಡಿವಾಣ ಹಾಕಿ ಎಂದು.

1917ರಲ್ಲಿ ವಲಸೆ ಬರುವವರಿಗೆ ಓದಲು ಬರುತ್ತದೆಯೇ ಎಂದು ನೋಡುವ ಅಕ್ಷರ ಪರೀಕ್ಷೆ ಬಂತು. ಅದೇ ಕಾನೂನು ಏಷ್ಯಾದ ಬಹುಭಾಗಕ್ಕೆ ಗೆರೆ ಎಳೆದು ನಿಷೇಧ ಹಾಕಿತು. ಭಾರತವೂ ಅದರೊಳಗೆ. ಆಗ ಅಮೆರಿಕದಲ್ಲಿ ಓದುತ್ತಿದ್ದ ಹುಬ್ಬಳ್ಳಿ ಕಡೆಯ ಡಾ. ನಾ.ಸು. ಹರ್ಡೀಕರ್ ಲಾಲಾ ಲಜಪತ ರಾಯರ ಜೊತೆ ನ್ಯೂಯಾರ್ಕಿನಲ್ಲಿ ಹೋಂ ರೂಲ್ ಲೀಗಿನ ಕೆಲಸಕ್ಕೆ ಸೇರಿದ್ದರು. 1921ರಲ್ಲಿ ಊರಿಗೆ ಮರಳಿ ಮುಂದೆ ಹಿಂದೂಸ್ತಾನಿ ಸೇವಾದಳ ಕಟ್ಟಿದವರು ಅವರೇ. ಬಂಗಾಳದ ಹಡಗು ಕೂಲಿಗಳೂ ಆ ಕಾಲಕ್ಕೆ ಬಂದರಿನಲ್ಲಿ ಹಡಗು ಬಿಟ್ಟು ಇಳಿದು ಲೋವರ್ ಈಸ್ಟ್ ಸೈಡ್, ಹಾರ್ಲೆಮ್‌ಗಳ ಜನರಲ್ಲಿ ಕರಗಿಹೋಗುತ್ತಿದ್ದರು. 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬ ವಲಸಿಗನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರಿಗೆ ಪೌರತ್ವವೂ ಇಲ್ಲ ಎಂದಿತು.

ಯುರೋಪಿನವರ ಸರದಿ 1924ರಲ್ಲಿ. ಒಂದೊಂದು ದೇಶಕ್ಕೂ ಪಾಲು ಗೊತ್ತುಮಾಡಿದರು. 1890ರ ಜನಗಣತಿಯಲ್ಲಿ ಆ ದೇಶದಲ್ಲಿ ಹುಟ್ಟಿದವರು ಅಮೆರಿಕದಲ್ಲಿ ಎಷ್ಟಿದ್ದರೋ ಅದರ ನೂರಕ್ಕೆ 2. ಹೊಸ ಗಣತಿ ಇದ್ದಾಗಲೂ 1890ರದ್ದೇ ಯಾಕೆ? ಇಟಲಿ, ರಷ್ಯಾದವರು ಹೆಚ್ಚಾಗಿ ಬಂದದ್ದು ಅದರ ನಂತರ. 1907ರಲ್ಲಿ ಇಟಲಿಯಿಂದ 2.8 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಹೊಸ ಕಾನೂನಿನಲ್ಲಿ ಇಟಲಿಯ ಪಾಲು ವರ್ಷಕ್ಕೆ 3,845. ಜರ್ಮನಿಗೆ 51,227.

ತಮಾಷೆ ಅಂದರೆ, ಆ ಹೊತ್ತಿಗೆ ಇಕ್ಕಟ್ಟು ತಾನಾಗಿಯೇ ಸಡಿಲವಾಗುತ್ತಿತ್ತು. 1903ರಲ್ಲಿ ನದಿಯಾಚೆಯ ಬ್ರೂಕ್ಲಿನ್ನಿಗೆ ವಿಲಿಯಮ್ಸ್‌ಬರ್ಗ್ ಸೇತುವೆ ಆಗಿತ್ತು, 1904ರಲ್ಲಿ ಸುರಂಗ ರೈಲು ಓಡಿತ್ತು. ಐದು ಸೆಂಟಿನ ಟಿಕೆಟ್ಟಿಗೆ ನಗರದ ಉತ್ತರ ತುದಿಯ ಬ್ರಾಂಕ್ಸಿನಿಂದ ಕೆಲಸಕ್ಕೆ ಬರಬಹುದು ಎಂದಾದ ಕೂಡಲೇ, ಇಕ್ಕಟ್ಟಿನಲ್ಲೇ ಇರಲು ಇಷ್ಟಪಡುತ್ತಾರೆ ಎನ್ನಿಸಿಕೊಂಡ ಜನ ಪಾತ್ರೆಪಡಗ ಕಟ್ಟಿಕೊಂಡು ಕಿಟಕಿಯಿದ್ದ ಮನೆಗಳಿಗೆ ಹೊರಟರು. 1910ರಿಂದ 20 ವರ್ಷದಲ್ಲಿ ಲೋವರ್ ಈಸ್ಟ್ ಸೈಡಿನ ಜನಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. 1935ರಲ್ಲಿ ಸರ್ಕಾರ ಅಲ್ಲೇ ಹಳೇ ವಠಾರಗಳ ಜಾಗದಲ್ಲಿ 122 ಮನೆಗಳ ‘ಫಸ್ಟ್ ಹೌಸಸ್’ ಕಟ್ಟಿ ಬಡವರಿಗೆ ಬಾಡಿಗೆಗೆ ಕೊಟ್ಟಿತು. ಅದೇ ವರ್ಷ 97 ಆರ್ಚರ್ಡ್ ಬೀದಿಯ ಮಾಲೀಕ, ಬೆಂಕಿ ನಿಯಮದ ಪ್ರಕಾರ ರಿಪೇರಿ ಮಾಡಿಸುವ ಖರ್ಚಿಗಿಂತ ಬಾಡಿಗೆದಾರರನ್ನು ಬಿಡಿಸುವುದೇ ಲೇಸೆಂದು ಮೇಲಿನ ಮಹಡಿಗಳಿಗೆ ಬೀಗ ಹಾಕಿದ. 1988ರಲ್ಲಿ ಅದು ಹಾಗೇ ಸಿಕ್ಕಿ ವಸ್ತುಸಂಗ್ರಹಾಲಯವಾಯಿತು.

1924ರ ಮಸೂದೆಯ ವಿರುದ್ಧ ಮಾತಾಡಿದವರಲ್ಲಿ ಬ್ರೂಕ್ಲಿನ್ನಿನಿಂದ ಸಂಸತ್ತಿಗೆ ಆರಿಸಿಬಂದ ಹೊಸ ಸದಸ್ಯ ಇಮ್ಯಾನುಯೆಲ್ ಸೆಲ್ಲರ್ ಒಬ್ಬ. ಆಗ ಅವನ ವಾದ ಸೋತಿತು, ಆದರೆ ಅವನು ಸಂಸತ್ತು ಬಿಡಲಿಲ್ಲ. 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕು ಮತ್ತು ವರ್ಷಕ್ಕೆ 100 ಜನರ ಪಾಲು ಕೊಟ್ಟ ಕಾನೂನಿನಲ್ಲಿ ಅವನ ಹೆಸರಿದೆ. 1965ರಲ್ಲಿ ದೇಶವಾರು ಪಾಲನ್ನೇ ಕಿತ್ತುಹಾಕಿದ ಕಾನೂನಿನಲ್ಲೂ ಇದೆ. ಅಮೆರಿಕದಲ್ಲಿ ಇವತ್ತು ಕನ್ನಡ ಕೂಟಗಳು ಇರುವುದು ಆ ಬಾಗಿಲು ತೆರೆದದ್ದರಿಂದ.

ಬಾಗಿಲು ತೆರೆದ ಮೇಲೆ ಹೊಸಬರು ಹೆಚ್ಚಾಗಿ ಸೇರಿದ್ದು ನ್ಯೂಯಾರ್ಕಿನದೇ ಇನ್ನೊಂದು ಭಾಗವಾದ ಕ್ವೀನ್ಸ್‌ಗೆ. ಅಲ್ಲಿ ಬಾಡಿಗೆ ತೂಗಿಸಲಾಗದವರು ಮನೆಗಳ ನೆಲಮಾಳಿಗೆಯಲ್ಲಿ ಇರುತ್ತಾರೆ. ಅವುಗಳಲ್ಲಿ ಬಹಳಷ್ಟು ಪರವಾನಗಿ ಇಲ್ಲದವು. ಎಷ್ಟೋ ಕಡೆ ಇರುವುದು ಒಂದೇ ಬಾಗಿಲು, ಸಣ್ಣ ಕಿಟಕಿ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆ ಸುರಿದಾಗ ನಗರದಲ್ಲಿ ಅಂಥ ನೆಲಮಾಳಿಗೆಗಳಲ್ಲಿ 11 ಜನ ಮುಳುಗಿ ಸತ್ತರು. ಹೆಚ್ಚಿನವರು ಕ್ವೀನ್ಸ್‌ನ ವಲಸಿಗರು. ಆ ಮನೆಗಳನ್ನು ಮುಚ್ಚಿಸಬೇಕೋ, ಇಲ್ಲಾ ಸಕ್ರಮ ಮಾಡಿ ಇನ್ನೊಂದು ಬಾಗಿಲು, ದೊಡ್ಡ ಕಿಟಕಿ ಇಡಿಸಬೇಕೋ ಎಂಬ ಜಗಳ ಆಮೇಲೆ ಜೋರಾಯಿತು. ಖರ್ಚು ಯಾರದು ಎಂಬಲ್ಲಿ ಅದು ಬಂದು ನಿಲ್ಲುತ್ತದೆ.